ಹತ್ತು ದಿನ ಮಾತಾಡದೆ ಇದ್ದು ಬಂದ ಮೇಲೆ

ಚಿಕ್ಕಮಗಳೂರು
ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಸಂಜೆ ಇಲ್ಲಿ ಹೂಮಳೆ ಬಂತು. ಅರ್ಧ ಗಂಟೆ ಚೆನ್ನಾಗಿ ಸುರಿದು ನಿಂತಿತು. ಇನ್ನೊಂದು ಎಂಟು-ಹತ್ತು ದಿನಕ್ಕೆ ಗಿರಿ ಕಡೆಯ ತೋಟಗಳಲ್ಲಿ ಕಾಫಿ ಹೂ ಬಿರಿಯುತ್ತದೆ. ನಿನ್ನಮ್ಮ ಆಗಲೇ ದಿನ ಎಣಿಸುತ್ತಿದ್ದಾಳೆ. ಆ ಘಮ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಇರಲ್ಲ, ನಿನಗೆ ರಜ ಸಿಗುತ್ತದೋ ಇಲ್ಲವೋ ಅಂತ ಅವಳಿಗೆ ಒಂದೇ ಚಿಂತೆ.

ನೀನು ಫೋನಿನಲ್ಲಿ "ಹತ್ತು ದಿನ ಹೇಗಿತ್ತಪ್ಪಾ?" ಅಂತ ಕೇಳಿದೆ. ನಾನು "ಚೆನ್ನಾಗಿತ್ತು" ಅಂದು ಅಮ್ಮನಿಗೆ ಫೋನ್ ಕೊಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು. ಹೇಳಬೇಕಾದ್ದು ಜಾಸ್ತಿ ಇತ್ತು ಪುಟ್ಟಿ. ಅದು ಫೋನಿನಲ್ಲಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಹತ್ತು ದಿನದ ಧ್ಯಾನ ಶಿಬಿರಕ್ಕೆ ಅರ್ಜಿ ಹಾಕಿದ್ದು ನೀನೇ ಅಲ್ವಾ. ನಾನು ಒಪ್ಪಿದ್ದು ನಿನ್ನ ಮಾತಿಗೆ, ಧ್ಯಾನದ ಮೇಲಿನ ಆಸೆಗಲ್ಲ. ಇಲ್ಲಿಂದ ಬೆಳಗಿನ ಬಸ್ಸು ಹತ್ತಿ, ಹಾಸನ, ಚನ್ನರಾಯಪಟ್ಟಣ ದಾಟಿ, ನೆಲಮಂಗಲದಲ್ಲಿ ಇಳಿದೆ. ಅಲ್ಲಿಂದ ಆಟೋದಲ್ಲಿ ಆಲೂರಿನ ಧಮ್ಮ ಪಫುಲ್ಲ ಅನ್ನುವ ವಿಪಶ್ಯನ ಧ್ಯಾನ ಕೇಂದ್ರಕ್ಕೆ. ತುಮಕೂರು ರಸ್ತೆಯಲ್ಲಿ ಲಾರಿಗಳ ಸಾಲು, ಹಾರ್ನು, ಧೂಳು. ಒಳಗೆ ತಿರುಗಿ ಸ್ವಲ್ಪ ದೂರ ಹೋದರೆ ಗೇಟು, ಮರಗಳು, ಗುಡಿಸಿಟ್ಟ ದಾರಿ. ಬೆಂಗಳೂರಿನ ಅಂಚಿನಲ್ಲಿ ಇಂಥದ್ದೊಂದು ಜಾಗ ಉಳಿದಿದೆ ಅಂತ ನಾನು ಅಂದುಕೊಂಡಿರಲಿಲ್ಲ.

ಮೊದಲ ಸಂಜೆಯೇ ಫೋನ್, ಪೆನ್ನು, ಪುಸ್ತಕ ಎಲ್ಲ ಒಪ್ಪಿಸಬೇಕು. ಜಪಮಾಲೆಯನ್ನೂ ಇಸ್ಕೊಂಡರು. ಮುಗಿಯುವ ತನಕ ಬೇರೆ ಯಾವ ಪೂಜೆ, ಜಪವೂ ಇಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಆಮೇಲೆ ಮೌನ. ಅದಕ್ಕೆ ಆರ್ಯ ಮೌನ ಅಂತಾರೆ. ಬಾಯಿ ಮಾತಷ್ಟೇ ಅಲ್ಲ, ಕೈ ಸನ್ನೆಯೂ ಬೇಡ, ಒಬ್ಬರ ಮುಖ ಒಬ್ಬರು ನೋಡುವುದೂ ಬೇಡ. ಏನಾದರೂ ಬೇಕಿದ್ದರೆ ಸೇವೆಗೆ ನಿಂತವರನ್ನು ಮಾತ್ರ ಕೇಳಬಹುದು. ಅವರೂ ಸಂಬಳಕ್ಕೆ ಇರುವವರಲ್ಲ. ಹಿಂದೆ ಇದೇ ಶಿಬಿರ ಮಾಡಿ ಹೋಗಿದ್ದವರು, ಈಗ ನಮಗೆ ಅನ್ನ ಬಡಿಸೋಕೆ ಬಂದಿದ್ದರು. ಊಟಕ್ಕೆ, ಉಳಿಯೋದಕ್ಕೆ ಒಂದು ರೂಪಾಯಿ ಕೇಳಲ್ಲ. ಕೊಡಬೇಕು ಅನ್ನಿಸಿದರೂ ಶಿಬಿರ ಪೂರ್ತಿ ಮಾಡಿದ ಮೇಲೇ ತೆಗೆದುಕೊಳ್ಳುವುದು. ಈ ಕಾಲದಲ್ಲಿ ಇದು ನಡೀತಾ ಇದೆಯಲ್ಲ ಅಂತ ನನಗೆ ತಟ್ಟೆ ಮುಂದೆ ಕೂತಾಗಲೆಲ್ಲ ಅನ್ನಿಸುತ್ತಿತ್ತು.

ಬೆಳಗಿನ ಜಾವ 4ಕ್ಕೆ ಗಂಟೆ. 4.30ಕ್ಕೆ ಕೂತರೆ 6.30ರ ತನಕ. ಹೀಗೆ ದಿನಕ್ಕೆ ಹತ್ತು ಗಂಟೆಗೂ ಮೀರಿ ಕೂರಬೇಕು. 11ಕ್ಕೆ ಊಟ, ಸಂಜೆ 5ಕ್ಕೆ ಹಣ್ಣು, ಮಂಡಕ್ಕಿ, ಟೀ. ರಾತ್ರಿ ಊಟ ಇಲ್ಲ. 7ಕ್ಕೆ ಪ್ರವಚನ. 9.30ಕ್ಕೆ ದೀಪ ಆರಿಸುತ್ತಾರೆ.

ಕಲಿಸುವುದು ಎಸ್. ಎನ್. ಗೋಯೆಂಕಾ ಅವರ ಧ್ವನಿಯೇ. ಅವರು 2013ರಲ್ಲೇ ತೀರಿಕೊಂಡರು, ಆದರೂ ರೆಕಾರ್ಡಿನಲ್ಲಿ ಎದುರಿಗೆ ಕೂತು ಹೇಳಿದ ಹಾಗೇ ಇದೆ. ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದವರು, ವ್ಯಾಪಾರಸ್ಥರ ಮನೆತನ. ತಡೆಯಲಾಗದ ಅರೆತಲೆನೋವು ಇತ್ತಂತೆ. ಅದಕ್ಕೆ ದಾರಿ ಹುಡುಕುತ್ತಾ ಊ ಬಾ ಖಿನ್ ಅನ್ನುವವರ ಹತ್ತಿರ ಹೋದರು. ಆ ಗುರು ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು, ಹೆಂಡತಿ ಮಕ್ಕಳಿದ್ದವರು. ನನಗೆ ಇದು ತುಂಬಾ ಹಿಡಿಸಿತು. ಲೆಕ್ಕದ ಪುಸ್ತಕ ನೋಡುವ ಮನುಷ್ಯ ಕಲಿಸಿದ್ದು, ಸರಕು ಮಾರುವ ಮನುಷ್ಯ ಕಲಿತದ್ದು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರು ಮಾಡಿದರು.

ಮೊದಲ ಮೂರು ದಿನ ಬರೀ ಉಸಿರು. ಮೂಗಿನ ಹೊಳ್ಳೆ ಹತ್ತಿರ, ಮೇಲ್ತುಟಿಯ ಮೇಲೆ, ಉಸಿರು ತಾಗುವ ಜಾಗವನ್ನು ಗಮನಿಸುವುದು. ಜೋರಾಗಿ ಎಳೆಯೋದು ಬೇಡ, ತಡೆಯೋದು ಬೇಡ. ಹೇಗೆ ಬರುತ್ತದೋ ಹಾಗೆ. ಇಷ್ಟೇನಾ ಅಂದುಕೊಂಡು ಕೂತೆ.

ಆಗ ಕೇಳಿತು ನೋಡು, ಮಿಷನ್ ಸದ್ದು.

ನಿನಗೆ ಗೊತ್ತಲ್ಲ, ಮೂವತ್ತೈದು ವರ್ಷ ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಲ್ಲಿಂಗ್ ಮಿಷನ್ ಪಕ್ಕದಲ್ಲೇ ನಿಂತವನು. ಒಣಗಿದ ಕಾಫಿ ಚೆರಿ, ಹೊಟ್ಟು ಬಿಡದ ಪಾರ್ಚ್‌ಮೆಂಟ್ ಬೇಳೆ ಒಂದು ಕಡೆ ಹೋಗಿ, ಸಿಪ್ಪೆ ಬಿಟ್ಟ ಬೇಳೆ ಇನ್ನೊಂದು ಕಡೆ ಬರಬೇಕು. ಆ ಸದ್ದಿನಲ್ಲಿ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಕೇಳಲ್ಲ. ಹತ್ತಿ ಇಟ್ಟುಕೊಳ್ಳುತ್ತಿದ್ದೆವು, ಅಷ್ಟೇ. ಎಡಗಿವಿ ಮಿಷನ್ ಕಡೆ, ಬಲಗಿವಿ ಬಾಗಿಲ ಕಡೆ. ಕೆಲಸ ಬಿಟ್ಟು ಒಂದೂವರೆ ವರ್ಷ ಆಯಿತು. ಧ್ಯಾನದ ಹಾಲಿನಲ್ಲಿ ಅಷ್ಟೂ ಜನ ಅಲ್ಲಾಡದೆ ಕೂತಿದ್ದಾರೆ, ಹೊರಗೆ ಒಂದು ಹಕ್ಕಿ ಬಿಟ್ಟರೆ ಏನೂ ಇಲ್ಲ. ನನ್ನ ಎಡಗಿವಿಯಲ್ಲಿ ಮಾತ್ರ ಗುಂಯ್ ಅಂತ ಮಿಷನ್ ಓಡುತ್ತಿದೆ. ನಿಲ್ಲಿಸುವ ಸ್ವಿಚ್ ಇಲ್ಲ. ಮನೆಯಲ್ಲಿ ಟಿವಿ, ಬೀದಿ, ಮಿಕ್ಸಿ ಎಲ್ಲ ಸೇರಿ ಅದನ್ನು ಮುಚ್ಚಿಟ್ಟಿದ್ದವು ಅಂತ ಆವತ್ತು ಗೊತ್ತಾಯಿತು. ಎರಡನೇ ದಿನ ಚೀಲ ತುಂಬಿಕೊಂಡು ಹೊರಡೋಣ ಅಂತಲೇ ಎದ್ದಿದ್ದೆ.

ಮಧ್ಯಾಹ್ನ 12ಕ್ಕೆ ಆಚಾರ್ಯರನ್ನು ಕಂಡು ಕೇಳಬಹುದು. ಹೇಳಿಕೊಂಡೆ. ಅವರು ಅದನ್ನು ಓಡಿಸೋಕೆ ಹೋಗಬೇಡಿ, ಬಯ್ಯಲೂ ಬೇಡಿ, ಇದೆ ಅಂತ ತಿಳಿದುಕೊಂಡು ಉಸಿರಿಗೆ ವಾಪಸ್ ಬನ್ನಿ ಅಂದರು. ಇಲ್ಲಿ ಬಂದರೆ ಕಿವಿ ಸರಿಹೋಗುತ್ತದೆ ಅಂತ ಅವರು ಹೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಕಿವಿ ಡಾಕ್ಟರ್ ಆಗಲೇ ಹೇಳಿದ್ದರಲ್ಲ, ಒಳಕಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಸದ್ದಿಗೆ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ ಅಂತ.

ಮೂರನೇ ದಿನ ಮಧ್ಯಾಹ್ನ ಒಂದು ಸಣ್ಣ ವಿಷಯ ಆಯಿತು. ಒಳಗೆ ಹೋಗುವ ಉಸಿರು ತಣ್ಣಗೆ, ಹೊರಗೆ ಬರುವ ಉಸಿರು ಬೆಚ್ಚಗೆ. ಮೇಲ್ತುಟಿಯ ಮೇಲೆ ಒಂದು ಕಾಳು ಮೆಣಸಿನಷ್ಟು ಜಾಗದಲ್ಲಿ ಅದು ಎಷ್ಟು ಸ್ಪಷ್ಟವಾಗಿ ಗೊತ್ತಾಯಿತು ಅಂದರೆ, ನಿನ್ನ ಅಜ್ಜಿಯ ಬೆರಳು ನೆನಪಾಯಿತು. ಅವರು ಗಾರ್ಬ್ಲಿಂಗ್ ಟೇಬಲ್ಲಿನಲ್ಲಿ ಇಪ್ಪತ್ತು ವರ್ಷ ಕೂತವರು. ಈಗ ಆ ಕೆಲಸವನ್ನು ಕಲರ್ ಸಾರ್ಟರ್ ಮಿಷನ್ ಮಾಡುತ್ತದೆ. ಆಗ ನೂರಾರು ಹೆಂಗಸರು ಸಾಲಾಗಿ ಕೂತು ಕಪ್ಪು ಬೇಳೆ, ಒಡಕು ಬೇಳೆ ಆರಿಸುತ್ತಿದ್ದರು. ಅಜ್ಜಿ ಬೇಳೆ ಕಡೆ ನೋಡುತ್ತಲೇ ಇರಲಿಲ್ಲ. ಬೆರಳು ತಾಗಿದರೆ ಸಾಕು, ಕೆಟ್ಟದ್ದು ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಅಷ್ಟು ಗಮನ ನನಗೂ ಒಂದು ಗಳಿಗೆ ಬಂತು. ಆ ಗಳಿಗೆ ಕಿವಿಯ ಸದ್ದು ಇದ್ದೇ ಇತ್ತು, ನನಗೆ ತೊಂದರೆ ಕೊಡಲಿಲ್ಲ.

ಊಟ ಆದ ಮೇಲೆ ನಡೆದಾಡೋಕೆ ಒಂದು ದಾರಿ ಇತ್ತು. ಆ ಕೊನೆಯಿಂದ ಈ ಕೊನೆಗೆ ನೂರಾ ಹತ್ತು ಹೆಜ್ಜೆ. ಅದರ ತುದಿಯಲ್ಲಿ ಒಂದು ಹೊಂಗೆ ಮರ. ನಾನು ಹೋದ ದಿನ ಅದು ಎಲೆ ಉದುರಿಸುತ್ತಿತ್ತು. ಓದೋಕೆ ಏನೂ ಇಲ್ಲ, ಮಾತಾಡೋಕೆ ಯಾರೂ ಇಲ್ಲ. ದಿನಾ ಆ ಮರವನ್ನೇ ನೋಡಿದೆ. ಐದನೇ ದಿನ ಒಂದು ಕೊಂಬೆಯಲ್ಲಿ ಚಿಗುರು. ಏಳನೇ ದಿನಕ್ಕೆ ಆ ಕಡೆಯೆಲ್ಲ ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಈ ಕಡೆಯ ಕೊಂಬೆ ಇನ್ನೂ ಬೋಳು. ನಮ್ಮ ಬೀದಿಯಲ್ಲೂ ಹೊಂಗೆ ಮರ ಇದೆಯಲ್ಲ, ಅಷ್ಟು ವರ್ಷ ಅದರ ಕೆಳಗೇ ಸೈಕಲ್ ನಿಲ್ಲಿಸಿದ್ದೇನೆ. ಒಂದು ಸಲವೂ ಅದು ಚಿಗುರುವುದನ್ನು ನೋಡಿದವನಲ್ಲ.

ನಾಲ್ಕನೇ ದಿನದಿಂದ ವಿಪಶ್ಯನ. ತಲೆಯಿಂದ ಪಾದದ ತನಕ ಮೈಮೇಲೆ ಏನಾಗುತ್ತಿದೆ ಅಂತ ನೋಡುತ್ತಾ ಹೋಗುವುದು. ನೋವು, ಉರಿ, ಜುಮ್ಮು, ಏನೇ ಇರಲಿ. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಕದಲಿಸದೆ ಕೂರಬೇಕು. ಮಂಡಿ ನೋವಿನ ಕಥೆ ಬೇಡ. ಎಲ್ಲರಿಗೂ ಇದ್ದದ್ದೇ.

ಆರನೇ ದಿನ ಸಂಜೆ ನೀನು ಬಂದೆ.

ನೀನು ಎರಡನೇ ಕ್ಲಾಸಿನಲ್ಲಿದ್ದೆ. ನಾನು ರಾತ್ರಿ ಪಾಳಿ ಮುಗಿಸಿ ಬಂದು ಜಗಲಿಯಲ್ಲಿ ಬೂಟು ಬಿಚ್ಚುತ್ತಿದ್ದೆ. ನೀನು ಒಂದು ಹಾಳೆ ಹಿಡಿದು ಓಡಿ ಬಂದೆ, ಏನೋ ಹೇಳಿದೆ. ನನಗೆ ಕೇಳಲಿಲ್ಲ. "ಏನೂ?" ಅಂದೆ. ಮಿಲ್ಲಿನಲ್ಲಿ ಹೇಗೆ ಅನ್ನುತ್ತಿದ್ದೆನೋ ಹಾಗೇ ಅಂದೆ. ನೀನು ಅಲ್ಲೇ ನಿಂತೆ. ಹಾಳೆಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಹಸಿರು ಲಂಗ, ಒಂದು ಜಡೆ ಬಿಚ್ಚಿಹೋಗಿತ್ತು. ಹಾಗೇ ಹಿಂದೆ ಹಿಂದೆ ನಡೆದು ಒಳಗೆ ಹೋದೆ.

ಆಮೇಲೆ ಅಮ್ಮ ಹೇಳಿದ್ದಳು. ಸಖರಾಯಪಟ್ಟಣದ ರುಕ್ಮಾಂಗದ ದೊರೆ ಹಿರಿ ಮಗಳಿಗೆ ಹಿರೇಮಗಳೂರನ್ನೂ, ಚಿಕ್ಕ ಮಗಳಿಗೆ ಚಿಕ್ಕಮಗಳೂರನ್ನೂ ಬಳುವಳಿ ಕೊಟ್ಟ ಅನ್ನುವ ಕಥೆಯನ್ನು ನಿಮ್ಮ ಮೇಷ್ಟ್ರು ಆವತ್ತು ಹೇಳಿದ್ದರಂತೆ. ನಮ್ಮ ಮನೆಯಲ್ಲಿ ಚಿಕ್ಕ ಮಗಳು ನೀನು. ಹಾಗಾಗಿ ಈ ಊರು ನಂದೇ ಅಂತ ಚಿತ್ರ ಬರೆದಿದ್ದೆಯಂತೆ. ಅದನ್ನು ತೋರಿಸೋಕೆ ಬಂದಿದ್ದೆ. ಅಪ್ಪ ಯಾಕೆ ಯಾವಾಗಲೂ ಸಿಟ್ಟಿನಲ್ಲೇ ಇರ್ತಾರೆ ಅಂತ ಅಮ್ಮನನ್ನು ಕೇಳಿದೆಯಂತೆ. ನಾನು ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ಮಾಡಿ ಮಲಗಿದೆ. ಹಾಳೆ ನೋಡಲೇ ಇಲ್ಲ.

ನನಗೆ ಸಿಟ್ಟಿರಲಿಲ್ಲ ಪುಟ್ಟಿ. ಆವತ್ತೂ ಇರಲಿಲ್ಲ, ಮತ್ತೆಷ್ಟೋ ದಿನ ಇರಲಿಲ್ಲ. ನನಗೆ ಕೇಳಿಸಿರಲಿಲ್ಲ. ಕೇಳಿಸದವನು ಜೋರಾಗಿ ಮಾತಾಡುತ್ತಾನೆ, ಅದು ತನಗೇ ಗೊತ್ತಿರಲ್ಲ. ಆದರೆ ಏಳು ವರ್ಷದ ಮಗುವಿಗೆ ಅದು ಹೇಗೆ ತಿಳಿಯಬೇಕು? ಎಷ್ಟು ಸಲ ನೀನು ಅರ್ಧ ಮಾತಿಗೇ ನಿಲ್ಲಿಸಿರಬೇಕು. ಎಷ್ಟು ವಿಷಯ ಅಮ್ಮನಿಗೆ ಮಾತ್ರ ಹೇಳಿರಬೇಕು. ಕಣ್ಣು ಮುಚ್ಚಿ ಕೂತವನಿಗೆ ಎದೆ ಬಿಗಿದು ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಕೈ ಕದಲಿಸಬಾರದಲ್ಲ. ಕೆನ್ನೆಯ ಮೇಲೆ ಇಳಿದು, ಗಲ್ಲದ ಹತ್ತಿರ ನಿಂತು, ತಣ್ಣಗಾಗಿ ಒಣಗುವ ತನಕ ಸುಮ್ನೆ ಗಮನಿಸಿದೆ. ಎಷ್ಟೋ ಹೊತ್ತಾದ ಮೇಲೆ ಗೋಯೆಂಕಾ ಅವರ ಧ್ವನಿಯಲ್ಲಿ "ಭವತು ಸಬ್ಬ ಮಂಗಳಂ" ಅಂತ ಬಂತು. ಎಲ್ಲರಿಗೂ ಒಳ್ಳೆಯದಾಗಲಿ ಅಂತ ಅದರ ಅರ್ಥ. ನಾನು ನಿನಗೆ ಅಂತ ಹೇಳಿಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಮೌನ ಬಿಡಿಸುತ್ತಾರೆ. ಹತ್ತು ದಿನ ನನ್ನ ಪಕ್ಕದಲ್ಲೇ ಕೂತಿದ್ದವರು ಅರಸೀಕೆರೆ ಕಡೆಯ ತೆಂಗಿನ ತೋಟದವರು. ಹೊಂಗೆ ಮರದ ಹತ್ತಿರ ಸಿಕ್ಕಿದರು. "ಯಾವೂರು ನಿಮ್ದು?" ಅಂದೆ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವರು ನಿಧಾನವಾಗಿ ನನ್ನ ತೋಳು ಮುಟ್ಟಿ, "ಸ್ವಲ್ಪ ಮೆಲ್ಲಗೆ ಮಾತಾಡಿ ಸಾರ್, ಕೇಳಿಸ್ತದೆ" ಅಂದರು. ಅಷ್ಟು ಸದ್ದಿಲ್ಲದ ಜಾಗದಲ್ಲಿ ನನ್ನ ಗಂಟಲು ಹೇಗೆ ಕೇಳುತ್ತದೆ ಅಂತ ಮೊದಲ ಸಲ ನನಗೇ ಕೇಳಿಸಿತು. ಇಷ್ಟು ವರ್ಷ ನೀನು, ನಿನ್ನಕ್ಕ, ಅಮ್ಮ ಕೇಳಿಸಿಕೊಂಡದ್ದು ಇದನ್ನೇ.

ತಪ್ಪಾಯಿತು ಕಣಮ್ಮಾ.

ಈಗ ದಿನಾ ಬೆಳಿಗ್ಗೆ ಒಂದು ಗಂಟೆ ಮನೆಯಲ್ಲಿ ಕೂರುತ್ತೇನೆ. ಸಂಜೆ ರತ್ನಗಿರಿ ಬೋರೆಯ ಪಾರ್ಕಿಗೆ ಹೋಗುತ್ತೇನೆ. ಮಕ್ಕಳ ಗಲಾಟೆ, ಕಡಲೆಕಾಯಿ ಮಾರುವವರು, ಎಲ್ಲ ಇದ್ದದ್ದೇ. ಮೂಲೆಯ ಕಲ್ಲು ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಸಾಕು. ಕಿವಿಯಲ್ಲಿ ಮಿಷನ್ ಓಡುತ್ತದೆ, ಓಡಲಿ. ಅಮ್ಮನ ಜೊತೆ ಮೆಲ್ಲಗೆ ಮಾತಾಡೋದು ಕಲಿಯುತ್ತಿದ್ದೇನೆ. ಮೊನ್ನೆ ಅಡುಗೆಮನೆ ಬಾಗಿಲಲ್ಲಿ ನಿಂತು ಕರೆದರೆ ಅವಳಿಗೆ ಕೇಳಲೇ ಇಲ್ಲ. ಎರಡನೇ ಸಲ ಹತ್ತಿರ ಹೋಗಿ ಕರೆದೆ. ಕೂಗಲಿಲ್ಲ.

ಕಿವಿ ಮಿಷನ್ ಹಾಕಿಸಿಕೊಳ್ಳಿ ಅಂತ ನೀನು ಎರಡು ವರ್ಷದಿಂದ ಹೇಳುತ್ತಿದ್ದೀಯ. ಮುಂದಿನ ವಾರ ತಪಾಸಣೆಗೆ ಹೋಗುತ್ತೇನೆ. ಇನ್ನು ತಪ್ಪಿಸಲ್ಲ.

ನಿನಗೆ ಪುಣೆಯಲ್ಲಿ ನಿದ್ದೆ ಬರಲ್ಲ, ಎದೆ ಡವಗುಟ್ಟುತ್ತದೆ ಅಂತ ಅಮ್ಮ ಹೇಳಿದಳು. ಅದಕ್ಕೆ ಮೊದಲು ಡಾಕ್ಟರ್ ಹತ್ತಿರ ಹೋಗು. ಅಪ್ಪ ಹೋಗಿ ಬಂದರು ಅಂತ ನೀನೂ ಹತ್ತು ದಿನ ಹೋಗಬೇಕಿಲ್ಲ. ಅದು ಸುಲಭದ್ದಲ್ಲ, ಮನಸ್ಸು ತೀರಾ ದಣಿದಿರುವಾಗ ಹೋಗುವ ಜಾಗವೂ ಅಲ್ಲ. ಅರ್ಜಿಯಲ್ಲೇ ಆರೋಗ್ಯದ ಬಗ್ಗೆ ಕೇಳುತ್ತಾರೆ, ಮುಂದೊಮ್ಮೆ ಹೋದರೆ ಏನೂ ಮುಚ್ಚಿಡಬೇಡ.

ಹೂ ಬಿರಿಯುವ ಹೊತ್ತಿಗೆ ರಜ ಸಿಕ್ಕರೆ ಬಾ. ಸಿಗದಿದ್ದರೆ ಯಾವಾಗಲಾದರೂ ಬಾ. ಒಂದು ಸಂಜೆ ಇಬ್ಬರೂ ಬೋರೆಗೆ ಹೋಗೋಣ. ಆ ಹಾಳೆಯಲ್ಲಿ ಏನೇನು ಬರೆದಿದ್ದೆ, ಊರನ್ನು ಹೇಗೆ ಬರೆದಿದ್ದೆ, ದೊರೆಗೆ ಕಿರೀಟ ಇತ್ತಾ, ನಮ್ಮ ಮನೆ ಇತ್ತಾ, ನೆನಪಿದ್ದಷ್ಟು ಹೇಳು. ನನ್ನ ಬಲಗಡೆ ಕೂತುಕೋ. ಆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ.

ನಿನ್ನ
ಅಪ್ಪ