ಶುಕ್ರವಾರದ ಕೂಸ್‌ಕೂಸ್ ಕುರಿತು ಮಗಳಿಗೊಂದು ಪತ್ರ

ಧಾರವಾಡ

ಚಿ. ಸೌ. ಸುಮೇಧಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿಮ್ಮಿಬ್ಬರ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ಮೊರಾಕೊದ ಕಾಸಾಬ್ಲಾಂಕಾದಲ್ಲಿ ಮನೆ ಹೂಡಿದ ಮೇಲೆ ನೀನು ಬರೆದ ಪತ್ರದಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿದ್ದವು. ಬರುವ ತಿಂಗಳ ಒಂದು ಶುಕ್ರವಾರ ಅಳಿಯಂದಿರ ಕಚೇರಿಯವರನ್ನು ಮಧ್ಯಾಹ್ನದ ಊಟಕ್ಕೆ ಕರೆದು ಕೂಸ್‌ಕೂಸ್ (ಗೋಧಿ ರವೆಯಿಂದ ಕಟ್ಟಿದ ಸಣ್ಣ ಕಾಳಿನ ಅಲ್ಲಿಯ ಅಡುಗೆ) ಬಡಿಸಬೇಕೆಂದಿರುವುದು ಒಂದು. ಪೊಟ್ಟಣದ ಮೇಲೆ ಬರೆದಂತೆ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ಸಾಕಲ್ಲವೇ ಎಂದು ಕೇಳಿರುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಸಾಲದು. ನಿಮ್ಮಿಬ್ಬರಿಗೆ ರಾತ್ರಿಯ ಅವಸರದ ಊಟಕ್ಕೆ ಅದು ನಡೆದೀತು. ಆದರೆ ಹುಟ್ಟಿದಾಗಿನಿಂದ ಪ್ರತಿ ಶುಕ್ರವಾರ ಮಸೀದಿಯ ನಮಾಜು ಮುಗಿಸಿ ಬಂದು ಮನೆಯವರೊಡನೆ ಒಂದೇ ತಟ್ಟೆಯಲ್ಲಿ ಕೂಸ್‌ಕೂಸ್ ಉಂಡು ಬೆಳೆದವರ ಮುಂದೆ ಅದನ್ನಿಡುವುದು ಸರಿಯಲ್ಲ.

ಪೊಟ್ಟಣದಲ್ಲಿರುವ ಕಾಳು ಕಾರ್ಖಾನೆಯಲ್ಲಿ ಒಮ್ಮೆ ಹಬೆ ಕಂಡು ಒಣಗಿ ಬಂದದ್ದು. ಆದ್ದರಿಂದ ಕುದಿನೀರು ಬಿದ್ದೊಡನೆ ಮೆತ್ತಗಾಗುತ್ತದೆ, ತಿನ್ನಲೂ ಬರುತ್ತದೆ. ಆದರೆ ಹಾಗೆ ಮೆತ್ತಗಾದದ್ದು ಒಂದಕ್ಕೊಂದು ಅಂಟಿಕೊಂಡು, ಮೇಲೆ ಸಾರು ಬಿದ್ದ ಕೂಡಲೇ ಮುದ್ದೆಯಾಗಿ ಕೂಡುತ್ತದೆ. ಮೂರು ಸಲ ಹಬೆಯಲ್ಲಿ ಬೆಂದು, ನಡುನಡುವೆ ಸ್ವಲ್ಪ ಸ್ವಲ್ಪವೇ ನೀರು ಕುಡಿದ ಕಾಳು ಒಳಗಿನಿಂದ ಅರಳಿರುತ್ತದೆ. ಸಾರನ್ನು ಹೀರಿಕೊಂಡೂ ಬಿಡಿಬಿಡಿಯಾಗಿ ಉಳಿಯುತ್ತದೆ. ಅಲ್ಲಿಯ ಎಷ್ಟೋ ಹೆಂಗಸರೂ ಈಗ ಅಂಗಡಿಯ ಪೊಟ್ಟಣವನ್ನೇ ತರುತ್ತಾರೆ. ಆದರೆ ಅದರ ಮೇಲಿನ ಸೂಚನೆಯನ್ನು ಓದಲು ಹೋಗುವುದಿಲ್ಲ. ನಿನ್ನ ದೊಡ್ಡಪ್ಪ ಮೊರಾಕೊದಲ್ಲಿಯೇ, ಜೋರ್ಫ್ ಲಸ್ಫಾರ್‌ನ ಫಾಸ್ಫರಿಕ್ ಆಮ್ಲದ ಕಾರ್ಖಾನೆಯಲ್ಲಿದ್ದಾಗ ನಾವು ಹತ್ತಿರದ ಊರಾದ ಎಲ್ ಜದೀದಾದಲ್ಲಿ ಮನೆ ಮಾಡಿದ್ದೆವಷ್ಟೆ. ಆಗ ಪಕ್ಕದ ಮನೆಯ ಹಾಜ್ಜಾ (ಹಜ್ ಯಾತ್ರೆ ಮಾಡಿ ಬಂದ ಹಿರಿಯಳನ್ನು ಅಲ್ಲಿ ಹೀಗೆ ಕರೆಯುತ್ತಾರೆ) ಈ ಅಡುಗೆ ಮಾಡುವುದನ್ನು ಬಳಿಯಲ್ಲಿ ಕೂತು ನೋಡಿ ನಾನು ಕಲಿತ ಕ್ರಮವನ್ನೇ ನಿನಗೆ ಬರೆಯುತ್ತಿದ್ದೇನೆ.

ಮೊದಲು ಪಾತ್ರೆಯ ಮಾತು. ಸಾರು ಕುದಿಯುವ ಎತ್ತರದ ಕೆಳಪಾತ್ರೆ ಮತ್ತು ಅದರ ಬಾಯಿಗೆ ಸರಿಯಾಗಿ ಕೂಡುವ, ತಳದಲ್ಲಿ ತೂತುಗಳಿರುವ ಕೆಸ್ಕಾಸ್ ಇವೆರಡೂ ಜೋಡಿಯಾಗಿಯೇ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅಗ್ಗದ ಅಲ್ಯೂಮಿನಿಯಂ ಜೋಡಿಯನ್ನು ಬಿಟ್ಟು ಸ್ಟೀಲಿನದನ್ನೇ ಕೊಳ್ಳು. ನಾಳೆ ಊರಿಗೆ ಮರಳುವಾಗ ಜೊತೆಗೇ ತರಬಹುದು. ಕೆಳಪಾತ್ರೆಯ ನೀರು ಎಷ್ಟೇ ಉಕ್ಕಿ ಕುದಿದರೂ ಕೆಸ್ಕಾಸಿನ ತಳಕ್ಕೆ ತಾಗಬಾರದು, ಅಷ್ಟು ಆಳವಿರಬೇಕು. ಇದರೊಂದಿಗೆ ಗಸಾ ಎಂಬ ಅಗಲವಾದ ತಟ್ಟೆ ಬೇಕು. ಮರದ್ದಾಗಲಿ ಮಣ್ಣಿನದಾಗಲಿ, ನಮ್ಮ ಅಜ್ಜಿಯ ಕಾಲದ ಕೊಣಮಿಗೆಯನ್ನೇ ಇನ್ನಷ್ಟು ಅಗಲ ಮಾಡಿದಂತಿರುವ ಆ ತಟ್ಟೆಯಲ್ಲಿಯೇ ಕಾಳನ್ನು ನಾದುವುದು, ಅದರಲ್ಲಿಯೇ ಕೊನೆಗೆ ಬಡಿಸುವುದು.

ಆರೇಳು ಜನರಿಗೆ ಒಂದು ಕಿಲೋ ಮಧ್ಯಮ ಗಾತ್ರದ ಕಾಳು ಧಾರಾಳವಾಗುತ್ತದೆ. ಅದನ್ನು ಗಸಾದಲ್ಲಿ ಸುರಿದು ಕಾಲು ಕಪ್ ಎಣ್ಣೆ ಹಾಕಿ, ಎರಡೂ ಅಂಗೈಗಳ ನಡುವೆ ಕಾಳನ್ನೆತ್ತಿ ಉಜ್ಜಿ ಉಜ್ಜಿ ಕೆಳಗೆ ಬೀಳಿಸುತ್ತ ಹೋಗು. ಒಂದು ಕಾಳೂ ಎಣ್ಣೆ ಕಾಣದೆ ಉಳಿಯಬಾರದು, ಏಕೆಂದರೆ ಮುಂದೆ ನೀರು ಬಿದ್ದಾಗ ಅಂಟದಂತೆ ಕಾಯುವುದು ಆ ಎಣ್ಣೆಯೇ. ಆಮೇಲೆ ಒಂದು ಕಪ್ ನೀರನ್ನು ಒಮ್ಮೆಲೇ ಸುರಿಯದೆ ಕೈಯಿಂದ ಚಿಮುಕಿಸುತ್ತ, ಬೆರಳುಗಳನ್ನು ಬಾಚಣಿಗೆಯ ಹಾಗೆ ಬಿಡಿಸಿಟ್ಟುಕೊಂಡು ಕಾಳನ್ನು ಕೆದರುತ್ತಿರು. ಅಷ್ಟರಲ್ಲಿ ಕೆಳಪಾತ್ರೆಯ ಸಾರು ಚೆನ್ನಾಗಿ ಕುದಿಯುತ್ತಿರಬೇಕು. ಕೆಸ್ಕಾಸನ್ನು ಅದರ ಮೇಲೆ ಕೂಡಿಸಿ, ಎರಡೂ ಸೇರುವ ಕಡೆ ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ಮೈದಾಹಿಟ್ಟಿನ ತೆಳುವಾದ ಅಂಬಲಿಯಲ್ಲಿ ಅದ್ದಿ ಬಿಗಿಯಾಗಿ ಸುತ್ತು. ಸಂದಿನಿಂದ ಹಬೆ ಸೋರಿದರೆ ಕಾಳಿನ ಮೂಲಕ ಏರುವ ಹಬೆ ಕಡಿಮೆಯಾಗಿ, ಎಷ್ಟು ಹೊತ್ತು ಇಟ್ಟರೂ ಕಾಳು ಬೇಯುವುದಿಲ್ಲ.

ಕಾಳನ್ನೆಲ್ಲ ಒಟ್ಟಿಗೇ ತುಂಬಬೇಡ. ಒಂದೆರಡು ಬೊಗಸೆ ಹಾಕಿ, ಅದರ ನಡುವಿನಿಂದ ಹಬೆ ಏಳುವುದನ್ನು ಕಂಡ ಮೇಲೆ ಉಳಿದದ್ದನ್ನು ಹಗುರವಾಗಿ ಬಿಡು. ಕೈಯಿಂದ ಒತ್ತಬೇಡ, ಮೇಲೆ ಮುಚ್ಚಳವನ್ನೂ ಇಡಬೇಡ. ಇಡ್ಲಿ ಬೇಯಿಸಿ ರೂಢಿಯಾದ ನಮ್ಮ ಕೈಗಳು ಮುಚ್ಚಳವನ್ನೇ ಹುಡುಕುತ್ತವೆ, ಆದರೆ ಮುಚ್ಚಿದರೆ ಹಬೆ ನೀರಾಗಿ ಕಾಳಿನ ಮೇಲೆಯೇ ತೊಟ್ಟಿಕ್ಕಿ ಗಂಟು ಕಟ್ಟುತ್ತದೆ. ಮೇಲ್ಭಾಗದ ಕಾಳಿನಿಂದ ಹಬೆ ಹೊರಟ ಕ್ಷಣದಿಂದ ಹದಿನೈದು ನಿಮಿಷ ಲೆಕ್ಕ ಹಾಕು. ಕೆಸ್ಕಾಸ್ ಇಟ್ಟ ಹೊತ್ತಿನಿಂದಲ್ಲ.

ಹದಿನೈದು ನಿಮಿಷದ ಮೇಲೆ ಅದನ್ನು ಮತ್ತೆ ಗಸಾಕ್ಕೆ ಬಗ್ಗಿಸು. ಪಾತ್ರೆಯ ಆಕಾರದಲ್ಲಿಯೇ ದೊಡ್ಡ ಗಡ್ಡೆಯಾಗಿ ಬಿದ್ದಿರುತ್ತದೆ, ಗಾಬರಿಯಾಗಬೇಡ. ಮರದ ಚಮಚದಿಂದ ಒಡೆದು, ಕೈಗೆ ತಾಳುವಷ್ಟು ಆರಿದ ಮೇಲೆ ಉಪ್ಪು ಸೇರಿಸಿ, ಇನ್ನೊಂದು ಕಪ್ ನೀರನ್ನು ಚಿಮುಕಿಸುತ್ತ ಅಂಗೈಗಳಿಂದ ಗಂಟುಗಳನ್ನು ಬಿಡಿಸು. ಕಾಳು ನೀರು ಕುಡಿಯಲು ಐದಾರು ನಿಮಿಷ ಬಿಟ್ಟು ಎರಡನೆಯ ಸಲ ಹಬೆಗೆ ಏರಿಸು. ಮೂರನೆಯ ಸಲಕ್ಕೆ ಮುಂಚೆ ಹಿಡಿಯುವ ನೀರೇ ಹೆಚ್ಚು: ಎರಡರಿಂದ ಮೂರು ಕಪ್. ಇಲ್ಲಿ ಅಳತೆಗಿಂತ ಬಾಯಿಯನ್ನು ನಂಬು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಾಗ ನಡುವಿನಲ್ಲಿ ಗಟ್ಟಿ ಹತ್ತಿದರೆ ಇನ್ನಷ್ಟು ನೀರು ಬೇಕು. ಹಲ್ಲಿಗೆ ಅಂಟಿದರೆ ನೀರು ಹೆಚ್ಚಾಗಿದೆ. ಕೊನೆಯ ಹಬೆ ಮುಗಿದು ಗಸಾಕ್ಕೆ ಬಂದ ಕಾಳಿಗೆ ಎರಡು ಚಮಚ ಬೆಣ್ಣೆ, ಒಗ್ಗುವುದಾದರೆ ಹುಣಿಸೆ ಬೀಜದಷ್ಟು ಸ್ಮೆನ್ ಹಾಕಿ ಬೆರೆಸು. ಸ್ಮೆನ್ ಎಂಬುದು ಉಪ್ಪು ಹಾಕಿ ಹಳೆಯದಾಗಲು ಬಿಟ್ಟ ಬೆಣ್ಣೆ. ಅದರ ಘಾಟು ವಾಸನೆಗೆ ನೀನು ಮೊದಲ ದಿನ ಮೂಗು ಮುಚ್ಚಿಕೊಳ್ಳುವೆ. ಆದರೆ ಅದರ ಬದಲಿಗೆ ನಮ್ಮ ತುಪ್ಪವನ್ನು ಹಾಕಿದರೆ ಪರಿಮಳ ಬೇರೆಯದೇ ದಿಕ್ಕಿಗೆ ಹೋಗುತ್ತದೆ.

ಇನ್ನು ಸಾರು. ಕಾಸಾಬ್ಲಾಂಕಾ ಹೆಸರಾಗಿರುವುದು ಏಳು ತರಕಾರಿಯ ಕೂಸ್‌ಕೂಸಿಗೆ. ಅಲ್ಲಿಯ ಮನೆಗಳಲ್ಲಿ ಕುರಿ, ದನ ಅಥವಾ ಕೋಳಿಯ ಮಾಂಸ ಸಾರಿನ ಬುಡದಲ್ಲಿರುತ್ತದೆ. ನಿನ್ನ ಅಡುಗೆಮನೆಯಲ್ಲಿ ಅದು ಆಗದು. ಹಾಗೆಂದು ಸಪ್ಪೆ ಸಾರು ಬಡಿಸಬೇಕಿಲ್ಲ. ಮಾಂಸ ಕೊಡುತ್ತಿದ್ದ ದಟ್ಟತನವನ್ನು ಬೇರೆ ಕಡೆಯಿಂದ ತರಬೇಕು: ಮೂರ್ನಾಲ್ಕು ದೊಡ್ಡ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹೊಂಬಣ್ಣಕ್ಕೆ ತಿರುಗುವವರೆಗೆ ಬಾಡಿಸು, ತುರಿದ ಟೊಮೆಟೊ ಸೇರಿಸು, ಹಿಂದಿನ ರಾತ್ರಿ ನೆನೆಸಿದ ಕಾಬೂಲಿ ಕಡಲೆಯನ್ನು ಮಾಮೂಲಿಗಿಂತ ಹೆಚ್ಚು ಹಾಕು. ಶುಂಠಿಪುಡಿ, ಕರಿಮೆಣಸು, ಅರಿಸಿನ, ಕೆಲವು ಎಸಳು ಕೇಸರಿ, ಕೊತ್ತಂಬರಿ ಮತ್ತು ಪಾರ್ಸ್ಲಿಯ ದಾರ ಕಟ್ಟಿದ ಕಟ್ಟು, ಇಷ್ಟೇ ಅದರ ಮಸಾಲೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯ ಯೋಚನೆಯನ್ನು ದಯವಿಟ್ಟು ಬಿಡು. ಉಪ್ಪಿಟ್ಟು ಬೇಕಾದ ದಿನ ಉಪ್ಪಿಟ್ಟನ್ನೇ ಮಾಡಿಕೊಳ್ಳಬಹುದು. ಖಾರ ಬೇಕೆನ್ನುವವರಿಗಾಗಿ ಒಂದೆರಡು ಮೆಣಸಿನಕಾಯಿಯನ್ನು ಇಡಿಯಾಗಿ ಸಾರಿನಲ್ಲಿ ಬಿಟ್ಟರೆ ಸಾಕು.

ತರಕಾರಿಗಳನ್ನು ಹಬೆಯ ಸುತ್ತುಗಳಿಗೆ ಹೊಂದಿಸಿಕೊಂಡು ಹಾಕಬೇಕು. ಕಡಲೆ ಬೇಯಲು ಹೊತ್ತು ಹಿಡಿಯುವುದರಿಂದ ಮೊದಲ ಹಬೆಗೆ ಮುಕ್ಕಾಲು ಗಂಟೆ ಮೊದಲೇ ಸಾರನ್ನು ಕುದಿಯಲಿಡು. ಎರಡನೆಯ ಸುತ್ತಿಗೆ ಕೆಸ್ಕಾಸ್ ಏರಿಸುವ ಮುನ್ನ ಗಜ್ಜರಿ, ಟರ್ನಿಪ್, ಎಲೆಕೋಸಿನ ದೊಡ್ಡ ಹೋಳುಗಳು. ಮೂರನೆಯದಕ್ಕೆ ಮುನ್ನ ಜುಕಿನಿ, ಬದನೆಕಾಯಿ ಮತ್ತು ಸಿಪ್ಪೆಯ ಸಮೇತ ಕೊಯ್ದ ಸಿಹಿಗುಂಬಳ. ಟೊಮೆಟೊ ಸೇರಿ ಏಳಾಯಿತು. ಹೋಳುಗಳು ಬೆರಳುದ್ದವಿರಲಿ, ಪಲ್ಯಕ್ಕೆ ಹೆಚ್ಚಿದಂತೆ ಸಣ್ಣಗೆ ಬೇಡ. ಸಾರಿಗೆ ಉಪ್ಪನ್ನು ಒಂದು ಕಣ ಹೆಚ್ಚಾಗಿಯೇ ಹಾಕು, ಕಾಳು ಅದನ್ನು ಎಳೆದುಕೊಳ್ಳುತ್ತದೆ.

ಬಡಿಸುವಾಗ ಕಾಳನ್ನು ಗಸಾದಲ್ಲಿ ಗುಡ್ಡೆ ಮಾಡಿ, ನಡುವೆ ಸ್ವಲ್ಪ ತಗ್ಗು ತೋಡಿ ಎಲೆಕೋಸು ಮತ್ತು ಕಡಲೆಯನ್ನಿಟ್ಟು, ಉಳಿದ ಹೋಳುಗಳನ್ನು ಗುಡ್ಡೆಯ ಇಳಿಜಾರಿಗೆ ಒರಗಿಸು. ಒಂದೆರಡು ಸೌಟು ಸಾರು ಮೇಲೆ ಹನಿಸಿ, ಮಿಕ್ಕದ್ದನ್ನು ಬಟ್ಟಲಲ್ಲಿ ಪಕ್ಕಕ್ಕಿಡು, ಬೇಕಾದವರು ಹಾಕಿಕೊಳ್ಳುತ್ತಾರೆ. ಜೊತೆಗೆ ಲ್ಬೆನ್, ಅಂದರೆ ಅಲ್ಲಿಯ ಮಜ್ಜಿಗೆ, ತಣ್ಣಗೆ ಇರಲಿ. ಒಂದೇ ತಟ್ಟೆಯಿಂದ ಎಲ್ಲರೂ ಉಣ್ಣುವ ಪದ್ಧತಿ ಎಂಜಲು ಮುಸುರೆ ನೋಡಿ ಬೆಳೆದ ನಮಗೆ ಮೊದಮೊದಲು ಇರುಸುಮುರುಸಾಗುತ್ತದೆ. ಅವರಲ್ಲಿಯೂ ಅದಕ್ಕೊಂದು ಕಟ್ಟುನಿಟ್ಟು ಇದೆ: ಪ್ರತಿಯೊಬ್ಬರೂ ಬಲಗೈಯಿಂದ ಅಥವಾ ಚಮಚದಿಂದ ತಮ್ಮ ಎದುರಿನ ಪಾಲನ್ನಷ್ಟೇ ಉಣ್ಣುತ್ತಾರೆ, ಕೈ ಚಾಚಿ ಇನ್ನೊಬ್ಬರ ಕಡೆಯದನ್ನು ತೆಗೆಯುವುದಿಲ್ಲ, ಒಳ್ಳೆಯ ಹೋಳನ್ನು ಅತಿಥಿಯ ಕಡೆಗೆ ಸರಿಸುವುದು ಮನೆಯವರ ಕೆಲಸ. ಅತಿಥಿಗಳು ಬೇರೆ ತಟ್ಟೆ ಕೇಳದಿದ್ದರೆ ನೀನಾಗಿ ಇಡಬೇಡ. ಕಟ್ಟಡದ ಕಾವಲುಗಾರನಿಗೆ ಒಂದು ತಟ್ಟೆ ಮೊದಲೇ ತೆಗೆದಿಡುವುದನ್ನು ಮರೆಯಬೇಡ, ಶುಕ್ರವಾರ ಹಾಗೆ ಕೊಡುವುದು ಅಲ್ಲಿಯ ರೂಢಿ.

ನಿನ್ನನ್ನು ಅವರು ಕರೆದಾಗಿನ ಮಾತು ಬೇರೆ. ಮಾಂಸವನ್ನು ಬದಿಗೆ ಸರಿಸಿ ತರಕಾರಿ ಉಂಡರಾಯಿತು ಎಂದು ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ತರಕಾರಿ ಬೆಂದದ್ದೂ, ಕಾಳು ಹಬೆಯುಂಡದ್ದೂ ಅದೇ ಸಾರಿನಲ್ಲಿ. ತಟ್ಟೆ ಮುಂದೆ ಬಂದ ಮೇಲೆ ಮುಖ ಚಿಕ್ಕದು ಮಾಡುವುದಕ್ಕಿಂತ ಕರೆದ ದಿನವೇ ಸ್ಪಷ್ಟವಾಗಿ ಹೇಳಿಬಿಡು. ಮಾಂಸವಿಲ್ಲದ ಬಗೆಗಳು ಅವರಲ್ಲಿಯೇ ಇವೆ. ಬಾರ್ಲಿಯ ಕಾಳನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಲ್ಬೆನ್‌ನಲ್ಲಿ ಕಲಸಿದ ಸೈಕೂಕ್ ಬೇಸಿಗೆಯಲ್ಲಿ ಬೀದಿಯಲ್ಲಿಯೂ ಸಿಗುತ್ತದೆ. ಮೊಸರನ್ನದ ಮೇಲೆ ಬೆಳೆದ ಜೀವಕ್ಕೆ ಅದು ಒಗ್ಗದೆ ಇರದು. ಸಣ್ಣ ಕಾಳಿಗೆ ಬೆಣ್ಣೆ, ಸಕ್ಕರೆಪುಡಿ, ದಾಲ್ಚಿನ್ನಿ, ಹುರಿದ ಬಾದಾಮಿ ಹಾಕಿದ ಸೆಫ್ಫಾ ಇದೆ. ಉಳ್ಳಾಗಡ್ಡಿ ಮತ್ತು ಒಣದ್ರಾಕ್ಷಿಯನ್ನು ದಾಲ್ಚಿನ್ನಿ, ಜೇನುತುಪ್ಪದೊಡನೆ ಕಂದುಬಣ್ಣಕ್ಕೆ ಬೇಯಿಸಿದ ತ್ಫಾಯಾವನ್ನು ಬಿಳಿಯ ಕಾಳಿನ ಮೇಲೆ ಹರಡಿ ಉಣ್ಣುವುದು ನನಗಂತೂ ಏಳು ತರಕಾರಿಗಿಂತ ಹೆಚ್ಚು ಪ್ರಿಯ.

ಊಟಕ್ಕೆ ಬರುವವರಲ್ಲಿ ಅಲ್ಜೀರಿಯಾದವರೂ ಟುನೀಶಿಯಾದವರೂ ಇದ್ದಾರೆಂದು ಬರೆದಿದ್ದೀಯೆ. ಕೂಸ್‌ಕೂಸ್ ಮೊದಲು ಯಾರದು ಎಂಬ ಪ್ರಶ್ನೆಯನ್ನು ತಮಾಷೆಗೂ ಎತ್ತಬೇಡ. ಮೊರಾಕೊ ಮತ್ತು ಅಲ್ಜೀರಿಯಾದ ನಡುವಿನ ಗಡಿ 1994ರಿಂದ ಮುಚ್ಚಿದೆ. ಅಂಥವರೂ 2020ರ ಡಿಸೆಂಬರಿನಲ್ಲಿ ಟುನೀಶಿಯಾ, ಮಾರಿಟೇನಿಯಾಗಳೊಂದಿಗೆ ಸೇರಿ ಇದನ್ನು ತಮ್ಮೆಲ್ಲರ ಪರಂಪರೆಯೆಂದು ಯುನೆಸ್ಕೊ ಪಟ್ಟಿಗೆ ಒಟ್ಟಾಗಿ ಸೇರಿಸಿದರು. ಟುನೀಶಿಯಾದವರು ಟೊಮೆಟೊ ಮತ್ತು ಹರಿಸ್ಸಾ ಎಂಬ ಮೆಣಸಿನಕಾಯಿ ಚಟ್ನಿ ಹಾಕಿ ಸಾರನ್ನು ಕೆಂಪಗೆ ಖಾರವಾಗಿ ಮಾಡುತ್ತಾರೆ, ಕರಾವಳಿಯಲ್ಲಿ ಮೀನನ್ನೂ ಹಾಕುತ್ತಾರೆ. ಅಲ್ಜೀರಿಯಾದ ಕಬೀಲಿಯಾದವರು ತರಕಾರಿಯನ್ನೂ ಹಬೆಯಲ್ಲಿಯೇ ಬೇಯಿಸಿ ಆಲಿವ್ ಎಣ್ಣೆಯಲ್ಲಿ ಕಲಸಿ ಉಣ್ಣುವುದುಂಟು. ಅವರವರ ಮನೆಯ ಕ್ರಮ ಕೇಳಿ ತಿಳಿದುಕೊಂಡರೆ ನಿನಗೇ ಲಾಭ.

ಕಾಳನ್ನು ಮನೆಯಲ್ಲಿಯೇ ಕಟ್ಟುವುದನ್ನು ಈಗಲೇ ಕೈಗೆತ್ತಿಕೊಳ್ಳಬೇಡ. ಹಬೆಯ ಹದ ಕೈಗೆ ಹತ್ತಿದ ಮೇಲೆ ಯಾರಾದರೂ ಹಿರಿಯಳ ಪಕ್ಕದಲ್ಲಿ ಕೂತು ಕಲಿ. ದಪ್ಪ ರವೆಯನ್ನು ಗಸಾದಲ್ಲಿ ಹರಡಿ, ಉಪ್ಪುನೀರು ಚಿಮುಕಿಸಿ, ನಯವಾದ ಹಿಟ್ಟು ಉದುರಿಸುತ್ತ, ಚಪ್ಪಟೆಯಾಗಿ ಹಿಡಿದ ಅಂಗೈಯನ್ನು ಅದರ ಮೇಲೆ ದುಂಡಗೆ ಆಡಿಸುತ್ತ ಹೋದಂತೆ ರವೆಯ ಹರಳಿಗೆ ಹಿಟ್ಟು ಹತ್ತಿ ಕಾಳಾಗುತ್ತದೆ. ಜರಡಿ ಹಿಡಿದು, ಕೆಳಗಿಳಿದ ಸಣ್ಣದನ್ನು ಮತ್ತೆ ಹೊರಳಿಸುತ್ತಾರೆ. ಇದಕ್ಕೆ ಬೇಕಾದದ್ದು ಡ್ಯೂರಮ್ ಗೋಧಿಯ ರವೆ. ನಮ್ಮ ಪೇಟೆಯ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದು, ಆದ್ದರಿಂದ ಇಲ್ಲಿಗೆ ಬಂದ ಮೇಲೂ ನೀನು ಕಟ್ಟಬಹುದು. ಬರಿಯ ರವೆಯನ್ನೇ ಹಬೆಗಿಟ್ಟು ಕೂಸ್‌ಕೂಸ್ ಆಯಿತೆಂದು ಮಾತ್ರ ತಿಳಿಯಬೇಡ. ಶಾವಿಗೆ, ಗವಲಿ ಮಾಡುವ ಕೈಗಳು ನಮ್ಮ ಓಣಿಯಲ್ಲಿ ಇನ್ನೂ ಇರುವುದರಿಂದ ಕೂಡಿ ಮಾಡಲು ಜನಕ್ಕೆ ಕೊರತೆಯಾಗದು.

ಆ ಶುಕ್ರವಾರ ಊಟ ಎರಡು ಗಂಟೆಗೆ ಎಂದಾದರೆ ಹತ್ತೂವರೆಗೆ ಉಳ್ಳಾಗಡ್ಡಿ ಹೆಚ್ಚಲು ಕೂಡು. ಅದಕ್ಕೂ ಮುಂಚೆ ಒಂದು ವಾರ ಅರ್ಧ ಕಿಲೋದಲ್ಲಿ ನಿಮ್ಮಿಬ್ಬರಿಗಷ್ಟೇ ಮಾಡಿ ನೋಡು, ನೀರಿನ ಅಳತೆ ನಿನ್ನ ಪಾತ್ರೆಗೂ ಒಲೆಗೂ ತಕ್ಕಂತೆ ಗೊತ್ತಾಗುತ್ತದೆ. ಉಳಿದ ಕಾಳನ್ನು ಸಾರು ಬೆರೆಸದೆ ತೆಗೆದಿಟ್ಟರೆ ಮರುದಿನ ಮತ್ತೊಮ್ಮೆ ಹಬೆಗಿಟ್ಟು ಉಣ್ಣಬಹುದು. ದೀಪಾವಳಿಗೆ ಬರುವಾಗ ಬಾರ್ಲಿಯ ಕಾಳು ಎರಡು ಕಿಲೋ ತೆಗೆದುಕೊಂಡು ಬಾ; ಮಜ್ಜಿಗೆಯ ಏರ್ಪಾಡು ನನ್ನದಿರಲಿ.

ಇಂತಿ ನಿನ್ನ
ದೊಡ್ಡಮ್ಮ