ಖಾಲಿ ಫಾರಂಗೆ ಸಹಿ ಹಾಕಬೇಡಿ, ಅಪ್ಪ

ಕೊವೆಂಟ್ರಿ, ಇಂಗ್ಲೆಂಡ್
ಭಾನುವಾರ

ತೀರ್ಥರೂಪ ತಂದೆಯವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಅತ್ತ ನೀವು, ಅಮ್ಮ, ಮಂಜು, ಲತಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕಾಗದ ಬಂದು ತಲುಪಿತು.

ಕಲ್ಯಾಣದುರ್ಗದ ಹುಡುಗನೊಬ್ಬ ಚಳ್ಳಕೆರೆಗೆ ಬಂದು ನಮ್ಮ ಯಮಹಾ ಆರ್‌15 ಬೈಕನ್ನು ನೋಡಿ, 80 ಸಾವಿರಕ್ಕೆ ಒಪ್ಪಿ, 50 ಸಾವಿರ ಈಗ ಕೊಟ್ಟು ಉಳಿದದ್ದನ್ನು ಹೆಸರು ಬದಲಾದ ಮೇಲೆ ಕೊಡುವುದಾಗಿ ಹೇಳಿದ್ದಾನೆಂದೂ, ಗಾಡಿಯ ಮಾಲೀಕತ್ವ ಬದಲಿಸುವ 29 ಮತ್ತು 30ನೇ ಫಾರಂಗಳಲ್ಲಿ ಕೊಳ್ಳುವವರ ಹೆಸರಿನ ಜಾಗ ಬಿಟ್ಟು ನಿಮ್ಮ ಸಹಿ ಮಾತ್ರ ಕೇಳುತ್ತಿದ್ದಾನೆಂದೂ ಬರೆದಿದ್ದೀರಿ. ಅದನ್ನು ಓದಿದಾಗಿನಿಂದ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ದಯವಿಟ್ಟು ಸಹಿ ಹಾಕಬೇಡಿ. "ಎಲ್ಲರೂ ಹೀಗೇ ಮಾಡುತ್ತಾರೆ" ಎಂದು ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹಾಗೆ ಸಹಿ ಮಾಡಿದ ಕಾಗದ ಕೈಗೆ ಬಂದರೆ ಅವನು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಬಹುದು. ಅಷ್ಟು ಕೈ ಬದಲಾದರೂ ದಾಖಲೆಯಲ್ಲಿ ಮಾಲೀಕರಾಗಿ ಉಳಿಯುವವರು ನೀವೇ.

ನಾನು ಆಗ ಓದುತ್ತಿದ್ದುದರಿಂದ 2018ರ ಆಯುಧಪೂಜೆಗೆ ಗಾಡಿಯನ್ನು ನಿಮ್ಮ ಹೆಸರಿನಲ್ಲಿ ಸಾಲ ಮಾಡಿ ತಂದೆವು. ಓಡಿಸಿದವನು ನಾನಾದರೂ ಆರ್‌ಸಿಯಲ್ಲಿ ಇರುವುದು ನಿಮ್ಮ ಹೆಸರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಒಂದು ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹೋಗಿ ಕೊನೆಯವರ ಬಳಿ ಇದ್ದಾಗ ಅಪಘಾತವಾಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಅವರು ಎಂದೋ ಗಾಡಿ ಮಾರಿ ಹಣ ತೆಗೆದುಕೊಂಡಿದ್ದರೂ ಬಿಡುಗಡೆ ಸಿಗಲಿಲ್ಲ. ನಿವೃತ್ತಿಯಾಗಿ ನೆಮ್ಮದಿಯಾಗಿರುವ ನೀವು ಯಾರೋ ಹುಡುಗ ಮಾಡಿದ ಅಪಘಾತಕ್ಕಾಗಿ ಅನಂತಪುರದ ಕೋರ್ಟಿಗೆ ಅಲೆಯುವಂತಾಗಬಾರದು. ಇದೊಂದೇ ನನ್ನ ಚಿಂತೆ.

ಅವನು ಆಂಧ್ರದವನಾದ್ದರಿಂದ ಇನ್ನೊಂದು ತೊಡಕೂ ಇದೆ. ಗಾಡಿ ಚಿತ್ರದುರ್ಗದ ಆರ್‌ಟಿಓದಲ್ಲಿ ನೋಂದಣಿಯಾದದ್ದು. ಬೇರೆ ರಾಜ್ಯಕ್ಕೆ ಹೋಗಬೇಕಾದರೆ 28ನೇ ಫಾರಂ ತುಂಬಿ, ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಅಂಟಿಸಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಪಡೆಯಬೇಕು. ಆದರೆ ಅದಕ್ಕೂ ಮೊದಲು ಆರ್‌ಸಿಯಲ್ಲಿ ಇನ್ನೂ ಕುಳಿತಿರುವ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಸಾಲ 2021ರಲ್ಲೇ ತೀರಿದೆ ನಿಜ, ಆದರೆ ಸಾಲ ತೀರಿದ ಮಾತ್ರಕ್ಕೆ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿಗೆ ಹೋಗಿ ಸಾಲ ತೀರಿದ ಪತ್ರವನ್ನೂ ಆರ್‌ಸಿಯಿಂದ ತನ್ನ ಹೆಸರು ತೆಗೆಯಲು ಬ್ಯಾಂಕು ಸಹಿ, ಮೊಹರು ಹಾಕಿ ಕೊಡುವ 35ನೇ ಫಾರಮನ್ನೂ ಕೇಳಿ ಪಡೆಯಿರಿ. ಹಳೆಯ ಪತ್ರ ಬೀರುವಿನಲ್ಲಿದ್ದರೂ ಹೊಸದನ್ನೇ ಬರೆಸಿಕೊಳ್ಳುವುದು ಒಳ್ಳೆಯದು. ಇದೆಲ್ಲ ಮುಗಿಯುವವರೆಗೆ ಕಾಯಲು ಆ ಹುಡುಗ ಒಪ್ಪದಿದ್ದರೆ ಅವನು ನಮಗೆ ಬೇಡ. ನಮ್ಮ ಜಿಲ್ಲೆಯವರೇ ಸಿಕ್ಕರೆ ಎನ್‌ಒಸಿಯ ಗೋಜೇ ಇರುವುದಿಲ್ಲ. 5 ಸಾವಿರ ಕಡಿಮೆಯಾದರೂ ನಾನು ಅವರಿಗೇ ಕೊಡುತ್ತೇನೆ.

ಯಾರೇ ಕೊಳ್ಳಲಿ, ಹಣ ಪೂರ್ತಿ ನಿಮ್ಮ ಖಾತೆಗೆ ಬಿದ್ದ ಮೇಲೆಯೇ ಅವರ ಹೆಸರು, ವಿಳಾಸ ತುಂಬಿದ ಫಾರಂಗೆ ಸಹಿ ಮಾಡಿ. ಅವರ ಆಧಾರ್ ಮತ್ತು ಡ್ರೈವಿಂಗ್ ಲೈಸೆನ್ಸಿನ ನಕಲು ಇಟ್ಟುಕೊಂಡು, ಗಾಡಿ ಒಪ್ಪಿಸಿದ ದಿನಾಂಕವನ್ನೂ ಗಂಟೆಯನ್ನೂ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ಕಾಗದ ಸಾಕ್ಷಿಗೆ ಮಾತ್ರ, ಅದರಿಂದ ಮಾಲೀಕತ್ವ ಬದಲಾಗುವುದಿಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕಾದವರು ನೀವು. ಆದ್ದರಿಂದ ಮಂಜುವನ್ನು ಕರೆದುಕೊಂಡು ಕೊಳ್ಳುವವರ ಜೊತೆಯಲ್ಲೇ ಚಿತ್ರದುರ್ಗಕ್ಕೆ ಹೋಗಿ ಅರ್ಜಿ ಕೊಟ್ಟು ರಸೀದಿ ತನ್ನಿ. ಫೋನಿನಲ್ಲಿ "ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ನಿಮಗೇ ದುಡ್ಡು ಬರುತ್ತದೆ" ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ. ಹಣ ಬರುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡು. ಮಿಲಿಟರಿಯವರೆಂದು ಹೇಳಿಕೊಂಡು ಹೀಗೆ ಮೋಸ ಮಾಡುವವರು ಬಹಳ.

ಗಾಡಿಯನ್ನು ನೋಡಲು ಬರುವವರಿಗೆ ಮಂಜು ಎಲ್ಲವನ್ನೂ ಬಿಚ್ಚಿ ತೋರಿಸಲಿ. ಸ್ಪೋರ್ಟ್ಸ್ ಬೈಕು ಕೊಳ್ಳುವವರು ಮೊದಲು ನೋಡುವುದು ಫೇರಿಂಗನ್ನು, ಅಂದರೆ ಗಾಡಿಯ ಹೊರಮೈಯ ಪ್ಲಾಸ್ಟಿಕ್ ಹೊದಿಕೆಯನ್ನು, ಏಕೆಂದರೆ ಗಾಡಿ ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಮ್ಮ ಗಾಡಿಯ ಬಲಬದಿಯ ಗೀರು ಸಂತೆ ಮೈದಾನದ ಗೇಟಿಗೆ ಉಜ್ಜಿ ಆದದ್ದು; ಹ್ಯಾಂಡಲ್ ತುದಿಯಾಗಲಿ ಫುಟ್‌ರೆಸ್ಟ್ ಆಗಲಿ ಸವೆದಿಲ್ಲ, ಅದನ್ನು ಕೈಯಿಟ್ಟು ತೋರಿಸಿ ಹೇಳಲಿ, ಬಣ್ಣ ಹೊಡೆಸಿ ಮುಚ್ಚುವುದು ಬೇಡ. ಹಿಂದಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿ 18 ಎಂದೇ ಇದ್ದರೆ ಟೈರಿನ ಮೇಲಿನ ಗೆರೆಗಳು ಆಳವಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಆ ಲೆಕ್ಕಕ್ಕೆ ಬೆಲೆ ಇಳಿಸಿ ಎಂದರೆ ಒಪ್ಪಬಹುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ತೆಗೆಸಿ, ಬ್ಯಾಟರಿ ಚಾರ್ಜ್ ಮಾಡಿಸಿ, ಕೂಲೆಂಟ್ ಮಟ್ಟ ನೋಡಿ, ಚೈನಿಗೆ ಎಣ್ಣೆ ಬಿಡಿಸಿ. ಅಟ್ಟದ ಮೇಲಿರುವ ಕಂಪನಿಯ ಸೈಲೆನ್ಸರನ್ನು ಇಳಿಸಿ ಹಾಕಿಸಿದರೆ ಕೊಳ್ಳುವವರಿಗೆ ಪೊಲೀಸರ ಭಯವಿರುವುದಿಲ್ಲ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಬೇಕು. ಗಾಡಿಯ ಜೊತೆಗೆ ಬಂದ 5 ವರ್ಷದ ಥರ್ಡ್ ಪಾರ್ಟಿ ವಿಮೆ 2023ಕ್ಕೇ ಮುಗಿದಿದೆ, ಆಮೇಲೆ ಕಟ್ಟಿದ್ದು ಚಾಲ್ತಿಯಲ್ಲಿದೆಯೇ ನೋಡಿ. ಹಣವನ್ನು ನಮ್ಮ ಕೈಗೆ ಒಪ್ಪಿಸದೆ, ಲೈಸೆನ್ಸ್ ತೋರಿಸದೆ ಯಾರೂ ಟ್ರಯಲ್ಲಿಗೆ ಗಾಡಿ ಹತ್ತಬಾರದು.

ಇಲ್ಲಿಯೂ ಹಾಗೆಯೇ. ನನ್ನ ಜೊತೆ ಮನೆಯಲ್ಲಿರುವ ಕೊಟ್ಟಾಯಂನ ಹುಡುಗ ತನ್ನ ನಿಂಜಾ 650 ಬೈಕು ಮಾರಿದಾಗ ನಾನು ಪಕ್ಕದಲ್ಲೇ ಇದ್ದೆ. ಕೊಳ್ಳಲು ಬಂದ ಅಜ್ಜ ಪೂರ್ತಿ ನೋಟುಗಳನ್ನು ಎಣಿಸಿ ಇವನ ಕೈಗಿಟ್ಟೇ ಟ್ರಯಲ್ಲಿಗೆ ಹೋದರು. ಬೀಳಿಸಿದರೆ ಗಾಡಿ ಅವರದು ಎಂಬುದು ಇಲ್ಲಿನ ರೂಢಿ. ಗಾಡಿಯ ನಂಬರ್ ಒತ್ತಿದರೆ ಪ್ರತಿ ವರ್ಷದ ಎಂಒಟಿ ತಪಾಸಣೆಯಲ್ಲಿ ಪಾಸಾಯಿತೋ ಫೇಲಾಯಿತೋ, ಎಷ್ಟು ಮೈಲಿ ಓಡಿತ್ತು ಎಂಬುದು ಯಾರಿಗಾದರೂ ಪುಕ್ಕಟೆಯಾಗಿ ಕಾಣುತ್ತದೆ. ಹಣ ಎಣಿಸಿದ ಮೇಲೆ ಇವನು ಲಾಗ್ ಬುಕ್ಕಿನ (ನಮ್ಮ ಆರ್‌ಸಿಯಂಥದು) ಹಸಿರು ಚೀಟಿಯನ್ನು ಹರಿದು ಅಜ್ಜನಿಗೆ ಕೊಟ್ಟು, ಅಲ್ಲೇ ನಿಂತು ಫೋನಿನಲ್ಲಿ ಆನ್‌ಲೈನ್ ಮೂಲಕ ಡಿವಿಎಲ್‌ಎಗೆ, ಅಂದರೆ ಇಲ್ಲಿನ ಗಾಡಿ ನೋಂದಣಿ ಇಲಾಖೆಗೆ, ಹೊಸಬರ ಹೆಸರು ತಿಳಿಸಿದ. ಹಾಗೆ ತಿಳಿಸದಿದ್ದರೆ 1,000 ಪೌಂಡಿನವರೆಗೆ ದಂಡ. ರಸ್ತೆ ತೆರಿಗೆ ಗಾಡಿಯ ಜೊತೆ ಹೋಗದೆ, ಉಳಿದ ಪೂರ್ತಿ ತಿಂಗಳುಗಳ ಹಣ ಮಾರಿದವನಿಗೆ ವಾಪಸು ಬಂತು. ಹಾಗೆಂದು ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ನಮ್ಮ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿಯೂ ನಂಬರ್ ಹಾಕಿದರೆ ವಿಮೆ ಎಂದಿನವರೆಗಿದೆ ಎಂಬುದು ಕಾಣುತ್ತದೆ. ಅಮ್ಮನಿಗೆ ಇನ್ನೊಂದು ಸಂಗತಿ ಹೇಳಿ: ಇಲ್ಲಿ 24 ತುಂಬದೆ ದೊಡ್ಡ ಬೈಕಿನ ಲೈಸೆನ್ಸಿಗೆ ನೇರವಾಗಿ ಪರೀಕ್ಷೆ ಕೊಡುವಂತಿಲ್ಲ. ಮಂಜುವಿಗೂ ಈ ಮಾತು ಕೇಳಿಸಲಿ.

ಲತಾಳ ಫೀಸು ಕಟ್ಟುವ ದಿನ ಹತ್ತಿರ ಬಂತೆಂದೇ ನೀವು ಅವಸರ ಮಾಡುತ್ತಿದ್ದೀರಿ ಎಂದು ನನಗೆ ಅರ್ಥವಾಗಿದೆ. ಅದಕ್ಕಾಗಿ ಗಾಡಿ ಮಾರುವವರೆಗೆ ಕಾಯಬೇಡಿ. ಸಂಬಳ ಬಂದ ದಿನವೇ ಪೂರ್ತಿ ಫೀಸಿನ ಹಣ ಕಳುಹಿಸುತ್ತೇನೆ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಓವರ್‌ಟೈಮ್ ಕೂಡ ಸಿಗುತ್ತಿದೆ, ಊಟ ಚೆನ್ನಾಗಿದೆ, ಚಳಿಗೆ ಒಳ್ಳೆಯ ಕೋಟು ಕೊಂಡಿದ್ದೇನೆ, ಆರೋಗ್ಯವೂ ಬಹಳ ಚೆನ್ನಾಗಿದೆ. ನಾನು ಬೈಕು ಓಡಿಸುತ್ತಿಲ್ಲ, ಬಸ್ಸಿನಲ್ಲೇ ಓಡಾಡುತ್ತೇನೆ; ಅಮ್ಮ ನನಗಾಗಿ ಒಂದಿಷ್ಟೂ ಚಿಂತಿಸಬೇಕಾಗಿಲ್ಲ. ನೀವೂ ರಾತ್ರಿ ನಿದ್ದೆಗೆಡಬೇಡಿ.

ಶಿಫ್ಟಿನ ಹೊತ್ತಾಯಿತು, ಹೊರಡಬೇಕು. ನಾಳೆಯೇ ಬ್ಯಾಂಕಿಗೆ ಹೋಗಿ 35ನೇ ಫಾರಂ ಕೇಳಿ, ಸಿಕ್ಕಿದ ಕೂಡಲೇ ಫೋಟೋ ತೆಗೆದು ಕಳುಹಿಸಲು ಮಂಜುವಿಗೆ ಹೇಳಿ. ಅಮ್ಮನಿಗೆ ನಮಸ್ಕಾರ, ಲತಾಳಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ,
ರವಿ