ಗೆಳೆಯನಿಗೊಂದು ಪತ್ರ: ಸೋತ ಕರಮಾನಿನವರ ಕಥೆ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಆ ಟರ್ಕಿ ಸೀರಿಯಲ್ಲಿನ ಗುಂಗಿನಲ್ಲೇ ಇದ್ದೆ. ಟರ್ಕಿಯಿಂದ ಹಬ್ಬಿ ದೊಡ್ಡ ಸಾಮ್ರಾಜ್ಯ ಕಟ್ಟಿದ ಒಟ್ಟೋಮನ್ನರು ಹುಟ್ಟಿದ್ದೇ ಗೆಲ್ಲೋದಕ್ಕೆ ಅನ್ನುವ ಹಾಗೆ ಮಾತಾಡಿದೆ. ನಾನು ಬಸ್ಸಿನಲ್ಲಿದ್ದೆ, ವಾದಕ್ಕಿಳಿಯಲಿಲ್ಲ. ಈಗ ಪುರುಸೊತ್ತಾಗಿದೆ, ಕೇಳು.

ಅವರ ಜೊತೆಗೇ ತಲೆಯೆತ್ತಿದ ಇನ್ನೊಂದು ಮನೆತನವಿತ್ತು, ಕರಮಾನ್. ಆಗ ಅನತೋಲಿಯಾವನ್ನು, ಅಂದರೆ ಈಗಿನ ಟರ್ಕಿಯ ಏಷ್ಯಾ ಭಾಗವನ್ನು, ಆಳುತ್ತಿದ್ದವರು ಸೆಲ್ಜುಕ್ ಸುಲ್ತಾನರು. 1243ರಲ್ಲಿ ಮಂಗೋಲರು ಅವರನ್ನು ಸೋಲಿಸಿದ ಮೇಲೆ ಅಲ್ಲಿ ಹೇಳೋರು ಕೇಳೋರು ಇಲ್ಲದಂತಾಯಿತು. ಮೂಲೆಗೊಬ್ಬ ‘ಬೇ’, ಅಂದರೆ ಪಾಳೆಯಗಾರ, ಎದ್ದ. ಟಾರಸ್ ಬೆಟ್ಟಗಳ ಎರ್ಮೆನೆಕ್ ಕಡೆಯಿಂದ ಎದ್ದವನು ಕರಮಾನ್ ಬೇ. ಈ ಮನೆಯವರು ಬೆಟ್ಟದ ಇದ್ದಿಲನ್ನು ಲಾರೆಂದೆ ಪೇಟೆಗೆ ತಂದು ಮಾರುತ್ತಿದ್ದರಂತೆ. ಹಾಗೆ ಬರೆದವನು ಇವರನ್ನು ಕಂಡರಾಗದ ಸೆಲ್ಜುಕ್ ಆಸ್ಥಾನದ ಇಬ್ನ್ ಬೀಬಿ.

1277ರಲ್ಲಿ ಈಜಿಪ್ಟಿನ ಸುಲ್ತಾನ ಬೈಬರ್ಸ್ ನುಗ್ಗಿ ಬಂದು ಮಂಗೋಲರನ್ನು ಬಡಿದ. ಅದೇ ಸಮಯ ನೋಡಿ ಕರಮಾನನ ಮಗ ಮೆಹ್ಮೆತ್ ಬೇ ಸೆಲ್ಜುಕ್ ರಾಜಧಾನಿ ಕೊನ್ಯಾಕ್ಕೆ ನುಗ್ಗಿದ. ರಾಜವಂಶದವನೆಂದು ಹೇಳಿಕೊಳ್ಳುತ್ತಿದ್ದ ಒಬ್ಬನನ್ನು ಗದ್ದುಗೆಯ ಮೇಲೆ ಕೂರಿಸಿ, ತಾನು ವಜೀರನಾದ. ಆಮೇಲೆ ಹೊರಟಿತು ನೋಡು ಒಂದು ಆಜ್ಞೆ: ಇವತ್ತಿನಿಂದ ದಿವಾನದಲ್ಲಿ (ಆಡಳಿತ ಸಭೆ), ದರ್ಗಾದಲ್ಲಿ, ಬಾರ್ಗಾದಲ್ಲಿ (ಇವೆರಡೂ ಇಲ್ಲಿ ರಾಜನ ಆಸ್ಥಾನ), ಮಜ್ಲಿಸ್‌ನಲ್ಲಿ, ಮೈದಾನದಲ್ಲಿ ತುರ್ಕಿ ಬಿಟ್ಟು ಬೇರೆ ನುಡಿ ಆಡಕೂಡದು. ಅಲ್ಲಿಯವರೆಗೆ ಕಚೇರಿಯ ಲೆಕ್ಕಪತ್ರವೆಲ್ಲ ಪಾರ್ಸಿಯಲ್ಲಿತ್ತು.

ತಮಾಷೆ ಗೊತ್ತಾಯ್ತಾ? ಆ ಐದು ಜಾಗಗಳ ಹೆಸರಲ್ಲಿ ಒಂದಾದರೂ ತುರ್ಕಿಯಲ್ಲ! ಎಲ್ಲ ಪಾರ್ಸಿ, ಅರಬ್ಬಿ. ಅದರಲ್ಲಿ ಮೂರು ನಮ್ಮ ಬಾಯಲ್ಲೂ ಇವೆ. ಮೈಸೂರಿಗೆ ದಿವಾನರಿದ್ದರು, ನಾವಿಬ್ಬರೂ ಆಡಿ ಬೆಳೆದದ್ದು ಮೈದಾನದಲ್ಲೇ. ಇನ್ನೂ ಚೆಂದವೆಂದರೆ, ಈ ಆಜ್ಞೆ ನಮಗೆ ಗೊತ್ತಾಗಿರುವುದೇ ಅದೇ ಇಬ್ನ್ ಬೀಬಿಯಿಂದ. ಅವನು ಬರೆದದ್ದು ಪಾರ್ಸಿಯಲ್ಲಿ.

ಕೊನ್ಯಾ ಅವರ ಕೈಯಲ್ಲಿ ಉಳಿದದ್ದು ಒಂದು ತಿಂಗಳ ಆಚೀಚೆ, ಅಷ್ಟೇ. ಮಂಗೋಲರು ತಿರುಗಿ ಬಂದರು, ಮೆಹ್ಮೆತ್ ಅದೇ ವರ್ಷ ಸತ್ತ. ಆದರೂ ಲಾರೆಂದೆಯಲ್ಲಿ, ಅಂದರೆ ಈಗಿನ ಕರಮಾನ್ ಊರಲ್ಲಿ, ಮೇ 13ನ್ನು ತುರ್ಕಿ ಭಾಷೆಯ ಹಬ್ಬವಾಗಿ ಆಚರಿಸುತ್ತಾರೆ.

ಮುಂದಿನ ನೂರು ವರ್ಷದಲ್ಲಿ ಇವರು ಚೆನ್ನಾಗಿಯೇ ಬೆಳೆದರು. ಕೊನ್ಯಾ ಮತ್ತೆ ಸಿಕ್ಕಿತು. ಅಲಾವುದ್ದೀನ್ ಅಲಿ ಬೇ ಒಟ್ಟೋಮನ್ ಸುಲ್ತಾನ ಮುರಾದನ ಮಗಳು ನೆಫೀಸೆಯನ್ನು ಮದುವೆಯಾದ. ಅವಳು 1382ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ನಿಂತಿದೆ. ಮಾವನ ಮೇಲೆ ಯುದ್ಧಕ್ಕೆ ಹೋಗಿ ಸೋತಾಗ ಅವನನ್ನು ಉಳಿಸಿದವಳೂ ಅವಳೇ. ಬಾಮೈದ ಬಾಯಜೀದ್ ಮಾತ್ರ ಬಿಡಲಿಲ್ಲ, ಕೊಲ್ಲಿಸಿದ. 1402ರಲ್ಲಿ ಮಧ್ಯ ಏಷ್ಯಾದ ದಂಡನಾಯಕ ತೈಮೂರ್ ಬಾಯಜೀದನನ್ನು ಸೆರೆಹಿಡಿದು ಕರಮಾನಿನವರ ರಾಜ್ಯ ಅವರಿಗೇ ಕೊಟ್ಟ.

ಅಲಾವುದ್ದೀನನ ಮಗ, ಅವನೂ ಮೆಹ್ಮೆತ್, ಸೇಡು ತೀರಿಸಿಕೊಳ್ಳಲು 1413ರಲ್ಲಿ ಒಟ್ಟೋಮನ್ನರ ಬುರ್ಸಾ ಪಟ್ಟಣಕ್ಕೆ ಬೆಂಕಿಯಿಟ್ಟು ಬಾಯಜೀದನ ಗೋರಿ ಅಗೆಸಿದ. ಅಷ್ಟರಲ್ಲಿ ಒಬ್ಬ ಒಟ್ಟೋಮನ್ ರಾಜಕುಮಾರನ ಶವ ಅಲ್ಲಿಗೆ ಬಂತು. ಹಿಂದೆಯೇ ಸೈನ್ಯವೂ ಬರುತ್ತದೆಂದು ಹೆದರಿ ಇವನು ಓಡಿದ. ‘ಸತ್ತವನಿಗೇ ಹೀಗೆ ಓಡ್ತೀಯ, ಬದುಕಿರೋನು ಬಂದರೆ ಏನು ಗತಿ?’ ಎಂದು ಅವನ ಕಡೆಯವನೇ ಒಬ್ಬ ಕೇಳಿದನಂತೆ. ಗೆದ್ದವರ ಕಡೆಯ ಕಥೆ, ಸ್ವಲ್ಪ ಉಪ್ಪುಖಾರ ಜಾಸ್ತಿಯೇ ಇರಬಹುದು.

ಯಾಕೆ ಸೋತರು? ಶೌರ್ಯ ಕಡಿಮೆಯಾಗಿ ಅಂತ ನನಗನ್ನಿಸುವುದಿಲ್ಲ. ಒಟ್ಟೋಮನ್ನರ ಎದುರಿಗೆ ಸೊರಗಿದ ಬೈಜಾಂಟಿಯಮ್ (ಇಸ್ತಾಂಬುಲ್‌ನಿಂದ ಆಳುತ್ತಿದ್ದ ಕ್ರೈಸ್ತ ಸಾಮ್ರಾಜ್ಯ), ಅದರಾಚೆ ಇಡೀ ಬಾಲ್ಕನ್ ಇತ್ತು. ಹೊಸ ನೆಲ ಗೆದ್ದು ಜೊತೆಗಾರರಿಗೆ ಹಂಚುತ್ತಾ ಹೋದರು. ಕರಮಾನಿನವರ ಒಂದು ಕಡೆ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರು, ಇನ್ನೊಂದು ಕಡೆ ಒಟ್ಟೋಮನ್ನರೇ. ಹಂಚೋದಕ್ಕೆ ಇದ್ದದ್ದು ಮನೆಯೊಳಗಿನ ಪಾಲು ಮಾತ್ರ. 1464ರಲ್ಲಿ ಇಬ್ರಾಹಿಂ ಬೇ ತೀರಿಕೊಂಡಾಗ ಮಕ್ಕಳು ಕಚ್ಚಾಡಿದರು. ಇಸ್ಹಾಕ್ ಪೂರ್ವದ ದೊರೆ ಉಜುನ್ ಹಸನನನ್ನು ನೆರವಿಗೆ ಕರೆದ, ಪೀರ್ ಅಹ್ಮದ್ ಇಸ್ತಾಂಬುಲ್ ಗೆದ್ದ ಒಟ್ಟೋಮನ್ ಸುಲ್ತಾನನನ್ನೇ ಕರೆದ. ನಾಲ್ಕು ವರ್ಷದಲ್ಲಿ ಕೊನ್ಯಾ ಆ ಸುಲ್ತಾನನ ಪಾಲಾಯಿತು. 1487ಕ್ಕೆ ಮನೆತನದ ಆಟವೇ ಮುಗಿಯಿತು.

ಇಸ್ತಾಂಬುಲ್‌ಗೆ ಹೋಗ್ತೀನಿ ಅಂದಿದ್ದೆಯಲ್ವಾ? ಅಲ್ಲಿ ಅಕ್ಸರಾಯ್ ಅನ್ನೋ ಬಡಾವಣೆಯಿದೆ. ಕರಮಾನ್ ನಾಡಿನ ಅಕ್ಸರಾಯ್ ಊರಿಂದ ಜನರನ್ನು ಎಬ್ಬಿಸಿ ತಂದು ಕೂರಿಸಿದ ಜಾಗ ಅದು. ಹಾಗೇ ಚಿನಿಲಿ ಕೋಷ್ಕ್ ಅನ್ನೋ ಮ್ಯೂಸಿಯಂಗೂ ಹೋಗು. ಇಬ್ರಾಹಿಂ ಬೇ ಕರಮಾನಿನಲ್ಲಿ ಕಟ್ಟಿಸಿದ ಛತ್ರದ ಹೆಂಚಿನ ಮಿಹ್ರಾಬನ್ನು (ನಮಾಜಿನ ದಿಕ್ಕು ತೋರಿಸುವ ಗೂಡು) ಕಿತ್ತು ತಂದು ಅಲ್ಲಿ ಇಟ್ಟಿದ್ದಾರೆ. ನನಗೊಂದು ಫೋಟೋ ಕಳಿಸು, ಮರೀಬೇಡ.

ನಿನ್ನ ಗೆಳೆಯ